ಆಹಾರಶುದ್ಧಿಯೂ ಸಸಾರಜನಕವೂ

ಶೃಂಗೇರಿಗೆ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ, ನರಸಿಂಹಪರ್ವತದ ಸೆರಗಿನಲ್ಲಿರುವ ಕಿಗ್ಗದ ಋಷ್ಯಶೃಂಗೇಶ್ವರನು ಮಳೆಯ ದೇವರೆಂದು ನಾಡಿನಲ್ಲೆಲ್ಲ ಪ್ರಸಿದ್ಧನು. ಮಳೆ ಬಾರದಿದ್ದಾಗ ಬರಲೆಂದೂ, ಬಂದದ್ದು ಮಿತಿಮೀರಿದಾಗ ನಿಲ್ಲಲೆಂದೂ ಜನರು ಅಲ್ಲಿಗೆ ಹೋಗಿ ಹರಸಿಕೊಳ್ಳುವುದುಂಟು. ಈ ದೇವರ ಕಥೆಯನ್ನು ಬಲ್ಲವರು ಬಹುಮಂದಿ. ಅದರಲ್ಲಿ ಅಡಗಿರುವ ಒಂದು ಧರ್ಮಸಂದೇಹವನ್ನು ಗಮನಿಸಿದವರು ವಿರಳರು.

ವಿಭಾಂಡಕ ಮಹರ್ಷಿಯ ಪುತ್ರನಾದ ಋಷ್ಯಶೃಂಗನು ಕಂದಮೂಲಫಲಗಳ ಹೊರತು ಬೇರೊಂದನ್ನು ತಿನ್ನದೆ, ತಂದೆಯ ಹೊರತು ಬೇರೊಬ್ಬ ಮನುಷ್ಯನನ್ನು ಕಾಣದೆ ಕಾಡಿನಲ್ಲಿ ಬೆಳೆದವನು. ಅಂಗದೇಶದಲ್ಲಿ ಅನಾವೃಷ್ಟಿಯುಂಟಾದಾಗ ರೋಮಪಾದರಾಜನು ವಾರಾಂಗನೆಯರನ್ನು ಕಳುಹಿಸಿ ಆತನನ್ನು ಕರೆಯಿಸಿಕೊಂಡನು. ಅವರು ಆಶ್ರಮಕ್ಕೆ ತಂದುಕೊಟ್ಟ ಮೋದಕಾದಿ ಭಕ್ಷ್ಯಗಳನ್ನು ಮುನಿಕುಮಾರನು ಹಣ್ಣುಗಳೆಂದೇ ತಿಳಿದು ಭಕ್ಷಿಸಿದನೆಂದು ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿದೆ. ಮನುಸ್ಮೃತಿಯಾದರೋ ಗಣಿಕಾನ್ನವನ್ನು ವರ್ಜ್ಯವೆಂದು ಎಣಿಸಿರುವುದು. ಹಾಗಿದ್ದರೂ ಆತನು ಅಂಗದೇಶದಲ್ಲಿ ಕಾಲಿಟ್ಟ ಕೂಡಲೆ ಮಳೆ ಸುರಿಯಿತು. ನಿಷಿದ್ಧಾನ್ನವು ತಪಸ್ಸನ್ನು ಕೆಡಿಸುವುದಾದರೆ ಆ ಮಳೆ ಬಂದದ್ದು ಹೇಗೆ? ತಿಳಿಯದೆ ತಿಂದದ್ದಕ್ಕೆ ದೋಷವಿಲ್ಲವೆಂದು ಸಮಾಧಾನ ಹೇಳಬಹುದು. ಈ ಸಮಾಧಾನವನ್ನು ಒಪ್ಪಿದರೆ, ದೋಷವಿರುವುದು ತಿಂದ ಪದಾರ್ಥದಲ್ಲಲ್ಲ, ತಿನ್ನುವವನ ತಿಳಿವಿನಲ್ಲಿ ಮತ್ತು ಸಂಕಲ್ಪದಲ್ಲಿ ಎಂದು ಒಪ್ಪಿದಂತಾಯಿತು. ವಿಷವನ್ನು ತಿಳಿಯದೆ ಕುಡಿದವನು ಬದುಕುವುದಿಲ್ಲವಷ್ಟೆ.

ಈ ಸಂದೇಹವು ಪಂಡಿತರ ವಾಕ್ಯಾರ್ಥಸಭೆಗೆ ಮಾತ್ರ ಸೇರಿದ್ದಾಗಿದ್ದರೆ ಇಲ್ಲಿ ಎತ್ತಬೇಕಾದುದಿರಲಿಲ್ಲ. ಕರ್ನಾಟಕದ ಶಾಲೆಗಳಲ್ಲಿ 2002ರ ಸುಮಾರಿಗೆ ಆರಂಭವಾದ ಅಕ್ಷರದಾಸೋಹದ ಮಧ್ಯಾಹ್ನದೂಟಕ್ಕೆ 2013ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. 2021ರ ಡಿಸೆಂಬರಿನಲ್ಲಿ ರಾಜ್ಯದ ಈಶಾನ್ಯಭಾಗದ ಕೆಲವು ಜಿಲ್ಲೆಗಳ ಮಕ್ಕಳಿಗೆ ಕೋಳಿಮೊಟ್ಟೆಯನ್ನು ಕೊಡಲಾರಂಭಿಸಿದಾಗ ಮಠಾಧಿಪತಿಗಳಲ್ಲಿ ಕೆಲವರು ಬಲವಾಗಿ ವಿರೋಧಿಸಿದರು. ವೈದ್ಯರೂ ಶಿಕ್ಷಕರೂ ಅನೇಕರು ಸಮರ್ಥಿಸಿದರು. 2022ರಲ್ಲಿ ಏರ್ಪಾಡು ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಕಡಲೆಕಾಯಿ ಚಿಕ್ಕಿಯೆಂದು ಗೊತ್ತುಪಡಿಸಲಾಗಿತ್ತು. ವಿವಾದದಲ್ಲಿ ಒಂದು ಪಕ್ಷದವರ ಬಾಯಲ್ಲಿ ಆಹಾರಶುದ್ಧಿಯೆಂಬ ಮಾತು, ಇನ್ನೊಂದು ಪಕ್ಷದವರ ಬಾಯಲ್ಲಿ ಪ್ರೋಟೀನೆಂಬ ಮಾತು. ಇಬ್ಬರೂ ತಮ್ಮ ತಮ್ಮ ಮಾತಿನ ಅರ್ಥವನ್ನು ಬಿಡಿಸಿ ಹೇಳಿದ್ದು ಕಡಮೆ. ಆದುದರಿಂದ ಮೊದಲು ಎರಡನೆಯ ಮಾತಿನಿಂದ ಹೊರಡುವುದು ಯುಕ್ತವು.

ಹಿಂದಿನ ಕನ್ನಡ ಪಠ್ಯಪುಸ್ತಕಗಳಲ್ಲಿ ಪ್ರೋಟೀನಿಗೆ ಸಸಾರಜನಕವೆಂದು ಹೆಸರಿತ್ತು. ಸಾರಜನಕವೆಂದರೆ ನೈಟ್ರೋಜನ್ ವಾಯು, ಅದರೊಡಗೂಡಿದ್ದು ಸಸಾರಜನಕ. ಪಿಷ್ಟದಲ್ಲಿಯೂ ಕೊಬ್ಬಿನಲ್ಲಿಯೂ ಇಲ್ಲದ ಈ ಧಾತುವು ಪ್ರೋಟೀನಿನ ತೂಕದಲ್ಲಿ ನೂರಕ್ಕೆ ಸುಮಾರು 16 ಪಾಲು ಇರುವುದರಿಂದ ಹೆಸರು ಅನ್ವರ್ಥವಾಗಿಯೇ ಇದೆ. ಪ್ರೋಟೀನೆಂಬುದು 1838ರಲ್ಲಿ ಬರ್ಜೀಲಿಯಸನು ಗ್ರೀಕ್ ಭಾಷೆಯಿಂದ ಸೂಚಿಸಿದ ಹೆಸರು. ಮೊದಲನೆಯದು, ಮುಖ್ಯವಾದದ್ದು ಎಂದು ಅದರ ತಾತ್ಪರ್ಯ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ತುಂಬಿದ್ದರೂ ಮನುಷ್ಯನು ಅದನ್ನು ಉಸಿರಿನಿಂದ ಪಡೆಯಲಾರನು. ಮಿಂಚು ಅದರಲ್ಲಿ ಸ್ವಲ್ಪವನ್ನು ಮಳೆಯೊಡನೆ ನೆಲಕ್ಕಿಳಿಸುತ್ತದೆ; ಅದಕ್ಕಿಂತ ಬಹಳ ಹೆಚ್ಚಿನದನ್ನು ಹುರುಳಿ, ಹೆಸರು, ತೊಗರಿ ಮೊದಲಾದ ಗಿಡಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಾಣುಗಳು ಹಿಡಿದುಕೊಡುತ್ತವೆ. ಮಳೆಯಿಂದ ಅನ್ನ, ಅನ್ನದಿಂದ ಭೂತಗಳು ಎಂದು ಗೀತೆಯು ಹೇಳುವ ಚಕ್ರದೊಳಗೆ ಹೀಗೊಂದು ಒಳಚಕ್ರವೂ ಉಂಟು. ಕಿಗ್ಗದ ಸುತ್ತಿನ ಸೀಮೆಗೆ ಮಳೆಯ ಕೊರತೆ ಬಹಳವಿಲ್ಲ. ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಆದರೆ ಅಷ್ಟು ಮಳೆಯಲ್ಲಿ ಭತ್ತ ಅಡಕೆಗಳು ಬೆಳೆಯುವಂತೆ ಬೇಳೆಕಾಳು ಬೆಳೆಯದು. ಮಲೆನಾಡಿನ ತೊವ್ವೆಗೆ ಬೇಳೆಯು ಬಯಲುಸೀಮೆಯಿಂದ ಬರಬೇಕು, ಕಾಸು ಅಡಕೆಯಿಂದ ಬರಬೇಕು. ಅಡಕೆಯಿಲ್ಲದ ಕೂಲಿಯವನ ಮನೆಯಲ್ಲಿ ತೊವ್ವೆಯು ಎಷ್ಟು ತೆಳ್ಳಗಿರುವುದೆಂಬುದನ್ನು ಊಹಿಸಿಕೊಳ್ಳಬಹುದು.

ಪ್ರೋಟೀನಿನ ರಚನೆಯು ವ್ಯಾಕರಣ ಬಲ್ಲವರಿಗೆ ಅಪರಿಚಿತವಾಗಿ ತೋರದು. ಅದರ ವರ್ಣಮಾಲೆಯಲ್ಲಿ 20 ಅಕ್ಷರಗಳು. ಇವಕ್ಕೆ ಅಮೈನೋ ಆಮ್ಲಗಳೆಂದು ಹೆಸರು. ಒಂದು ಆಮ್ಲವು ಇನ್ನೊಂದರೊಡನೆ ಕೂಡುವಾಗ ನಡುವೆ ನೀರಿನ ಒಂದು ಕಣವು ಜಾರಿಹೋಗುತ್ತದೆ, ಸಂಧಿಯಲ್ಲಿ ವರ್ಣವೊಂದು ಲೋಪವಾಗುವಂತೆ. ಹೀಗೆ ಹತ್ತಾರು, ನೂರಾರು, ಕೆಲವೆಡೆ ಸಾವಿರಾರು ಅಕ್ಷರಗಳು ಒಂದೇ ಸಾಲಾಗಿ ಕೂಡಿಕೊಳ್ಳುತ್ತವೆ. ಈ ಆನುಪೂರ್ವಿಯೇ ಪ್ರೋಟೀನಿನ ಮೊದಲನೆಯ ರಚನೆ. ಬಳಿಕ ಆ ಸರಪಳಿಯು ಅಲ್ಲಲ್ಲಿ ಸುರುಳಿಯಾಗಿಯೋ ಮಡಿಕೆಯ ಹಾಳೆಯಾಗಿಯೋ ನಿಲ್ಲುವುದು ಎರಡನೆಯದು. ಸುರುಳಿ ಮಡಿಕೆಗಳೆಲ್ಲ ಸೇರಿ ಒಂದು ನಿಶ್ಚಿತವಾದ ಮುದ್ದೆಯ ಆಕಾರಕ್ಕೆ ಬರುವುದು ಮೂರನೆಯದು. ಅಂಥ ಹಲವು ಮುದ್ದೆಗಳು ಜತೆಗೂಡಿ ಒಂದೇ ಕೆಲಸವನ್ನು ಮಾಡುವುದು ನಾಲ್ಕನೆಯದು. ರಕ್ತದ ಕೆಂಪಿಗೆ ಕಾರಣವಾದ ಹೀಮೋಗ್ಲೋಬಿನ್ ನಾಲ್ಕು ಸರಪಳಿಗಳ ಕೂಟ. ಅದರ ಒಂದು ಬಗೆಯ ಸರಪಳಿಯಲ್ಲಿ ಆರನೆಯ ಸ್ಥಾನದ ಒಂದೇ ಒಂದು ಅಕ್ಷರವು ಬದಲಾದರೆ ರಕ್ತಕಣವು ಕುಡುಗೋಲಿನಂತೆ ಬಾಗುವುದು. ಮನುಷ್ಯನು ಜೀವಾವಧಿ ನೋವುಣ್ಣುವನು. ಈ ವ್ಯಾಧಿಯು ಭಾರತದಲ್ಲಿ ಮೊದಲು ಗುರುತಿಸಲ್ಪಟ್ಟದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟಿನವರಲ್ಲಿ. ತ್ವಷ್ಟೃವು ಮಂತ್ರದಲ್ಲಿ ಒಂದು ಸ್ವರವನ್ನು ತಪ್ಪಿದುದರಿಂದ ಇಂದ್ರನನ್ನು ಕೊಲ್ಲಬೇಕಾದ ವೃತ್ರನು ಇಂದ್ರನಿಂದಲೇ ಹತನಾದನೆಂಬ ಕಥೆಯನ್ನು ಕೇಳಿದವರಿಗೆ ಇದರಲ್ಲಿ ಆಶ್ಚರ್ಯವಾಗಲಾರದು.

ಕೆಲಸದ ದೃಷ್ಟಿಯಿಂದ ಇವನ್ನು ಸ್ಥೂಲವಾಗಿ ಎರಡು ಜಾತಿಯಾಗಿ ಎಣಿಸುವರು: ನಾರಿನಂಥವು, ಗುಂಡಿನಂಥವು. ಕೂದಲು, ಉಗುರು, ತೊಗಲು, ಸ್ನಾಯುಬಂಧ, ರೇಷ್ಮೆ ಇವು ನಾರಿನವು. ಋಷ್ಯಶೃಂಗನ ತಲೆಯಲ್ಲಿದ್ದ ಕೊಂಬು ಹುಲ್ಲೆಯದಾಗಿದ್ದರೆ ಅದರ ಹೊರಗವಚವು ಕೆರಾಟಿನ್, ಜಿಂಕೆಯದಾಗಿದ್ದರೆ ಅದು ಎಲುಬೇ ಆದುದರಿಂದ ಅದರ ಹಂದರವು ಕೊಲಾಜೆನ್. ಋಷ್ಯವೆಂಬುದು ಯಾವ ಮೃಗವೆಂಬ ಚರ್ಚೆಯನ್ನು ಕೋಶಕಾರರಿಗೆ ಬಿಡೋಣ, ಎರಡು ಪಕ್ಷದಲ್ಲಿಯೂ ಪ್ರೋಟೀನೇ ಸಿದ್ಧಿಸುವುದು. ಕೊಲಾಜೆನಿನ ಮೂರೆಳೆಯ ಹುರಿಯನ್ನು 1954ರಲ್ಲಿ ಮದರಾಸಿನಲ್ಲಿ ಕಂಡುಹಿಡಿದ ಜಿ. ಎನ್. ರಾಮಚಂದ್ರನ್ ಅವರು ಬೆಂಗಳೂರಿನ ವಿಜ್ಞಾನಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದವರು, ಮುಂದೆ ಅಲ್ಲಿಯೇ ಆಚಾರ್ಯರಾಗಿದ್ದವರು. ಸರಪಳಿಯು ಯಾವ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವುವು ಅದಕ್ಕೆ ನಿಷಿದ್ಧ ಎಂದು 1963ರಲ್ಲಿ ಅವರು ತೋರಿಸಿದ ನಕ್ಷೆಯು ಇಂದಿಗೂ ಜಗತ್ತಿನ ಎಲ್ಲ ಪ್ರಯೋಗಶಾಲೆಗಳಲ್ಲಿ ಅವರ ಹೆಸರಿನಿಂದಲೇ ಬಳಕೆಯಲ್ಲಿದೆ. ಅದೇ ವಿದ್ವಾಂಸರು ಕೊನೆಗಾಲದಲ್ಲಿ ಜೈನರ ಸ್ಯಾದ್ವಾದಕ್ಕೆ ಗಣಿತದ ರೂಪವನ್ನು ಕೊಡಲು ಶ್ರಮಿಸಿದರೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ.

ಗುಂಡಿನ ಜಾತಿಯವು ದೇಹದ ಕಾರಕೂನರು. ಪ್ರಾಣವಾಯುವನ್ನು ಹೊರುವುದು, ರೋಗಬೀಜಗಳನ್ನು ಗುರುತಿಸಿ ಹಿಡಿಯುವುದು, ಸಕ್ಕರೆಯ ಮಟ್ಟವನ್ನು ಕಾಯುವುದು, ಅನ್ನವನ್ನು ಪಚನಮಾಡುವುದು ಇವೆಲ್ಲ ಇವುಗಳಿಂದ. ಪಚನ ಮಾಡುವವಕ್ಕೆ ಕನ್ನಡದಲ್ಲಿ ಕಿಣ್ವಗಳೆಂದು ಹೆಸರಿಟ್ಟವರು ಸ್ವಾರಸ್ಯವನ್ನು ಬಲ್ಲವರು. ಕಿಣ್ವದಿಂದ ಮದಶಕ್ತಿ ಹುಟ್ಟುವಂತೆ ಭೂತಗಳ ಕೂಟದಿಂದಲೇ ಚೈತನ್ಯ ಹುಟ್ಟುವುದೆಂದು ವಾದಿಸಿದ ಚಾರ್ವಾಕನಿಗೆ, ದೇಹದೊಳಗೇ ಸಾವಿರಾರು ಕಿಣ್ವಗಳಿವೆಯೆಂದು ತಿಳಿದಿದ್ದರೆ ಎಷ್ಟು ಹಿಗ್ಗಾಗುತ್ತಿತ್ತೋ! ಆ ವಾದಕ್ಕೆ ಇಲ್ಲಿ ಎಡೆಯಿಲ್ಲ.

ಇನ್ನು ಮುಖ್ಯಾಂಶ. ಪ್ರೋಟೀನು ಹೊಟ್ಟೆಗೆ ಬಿದ್ದಮೇಲೆ ಏನಾಗುತ್ತದೆ? ಸಂಧಿಯಲ್ಲಿ ಲೋಪವಾಗಿದ್ದ ನೀರು ಮರಳಿ ಸೇರಿ ಸರಪಳಿಯು ಬಿಡಿಬಿಡಿ ಅಕ್ಷರಗಳಾಗಿ ಒಡೆಯುತ್ತದೆ. ಪಚನವೆಂದರೆ ಒಂದು ಬಗೆಯ ಪದಚ್ಛೇದ. ಆ ಅಕ್ಷರಗಳಿಂದ ದೇಹವು ತನ್ನದೇ ವಾಕ್ಯಗಳನ್ನು ಹೊಸದಾಗಿ ರಚಿಸಿಕೊಳ್ಳುತ್ತದೆ. ಸೀಸದ ಅಚ್ಚುಮೊಳೆಗಳ ಕಾಲದಲ್ಲಿ ಒಂದು ಪುಸ್ತಕವು ಅಚ್ಚಾದ ಮೇಲೆ ಮೊಳೆಗಳನ್ನು ಕಲೆಹಾಕಿ ಗೂಡುಗಳಿಗೆ ತುಂಬಿ, ಅವುಗಳಿಂದಲೇ ಇನ್ನೊಂದನ್ನು ಜೋಡಿಸುತ್ತಿದ್ದರು. ಹಿಂದೆ ಅಶ್ಲೀಲ ಕಾದಂಬರಿಯಲ್ಲಿ ನಿಂತಿದ್ದ ಅಕಾರವು ಮುಂದೆ ಸ್ತೋತ್ರದಲ್ಲಿ ನಿಂತಾಗ ಅದಕ್ಕೆ ಮೈಲಿಗೆ ಅಂಟಿತೆಂದು ಯಾರೂ ಹೇಳಲಿಲ್ಲ. ಹಾಗೆಯೇ ತೊಗರಿಯಿಂದ ಬಂದ ಲೈಸಿನ್ ಎಂಬ ಆಮ್ಲಕ್ಕೂ ಹಾಲಿನಿಂದ ಅಥವಾ ಮೊಟ್ಟೆಯಿಂದ ಬಂದ ಲೈಸಿನ್ನಿಗೂ ಎಳ್ಳಷ್ಟೂ ಭೇದವಿಲ್ಲ. ತಾನು ಯಾರ ಮನೆಯಿಂದ ಬಂದೆನೆಂಬ ಗುರುತು ಅದರ ಮೈಮೇಲೆ ಉಳಿಯುವುದಿಲ್ಲ.

ಹೀಗಾದರೆ ಛಾಂದೋಗ್ಯವು ಆಹಾರಶುದ್ಧಿಯಿಂದ ಸತ್ತ್ವಶುದ್ಧಿಯೆಂದು ಹೇಳಿದ್ದು ವ್ಯರ್ಥವಾಯಿತೆ? ಆಗಲಿಲ್ಲ. ಆ ಸ್ಥಳದಲ್ಲಿ ಶಂಕರಭಗವತ್ಪಾದರು ಆಹಾರವೆಂಬ ಶಬ್ದಕ್ಕೆ ಬಾಯಿಂದ ತಿನ್ನುವ ಅನ್ನವೆಂದು ಅರ್ಥಮಾಡಿಲ್ಲ. ಇಂದ್ರಿಯಗಳಿಂದ ಒಳಕ್ಕೆ ತಂದುಕೊಳ್ಳುವ ಶಬ್ದಾದಿವಿಷಯಗಳ ಅರಿವೆಂದೇ ಮಾಡಿದ್ದಾರೆ. ರಾಗ, ದ್ವೇಷ, ಮೋಹಗಳ ಕಲಬೆರಕೆಯಿಲ್ಲದ ಅರಿವೇ ಶುದ್ಧಾಹಾರ. ರಾಮಾನುಜಾಚಾರ್ಯರಾದರೋ ಅನ್ನವೆಂದೇ ಅರ್ಥಮಾಡಿ ಜಾತಿ, ಆಶ್ರಯ, ನಿಮಿತ್ತಗಳೆಂಬ ಮೂರು ದೋಷಗಳನ್ನು ವಿವರಿಸಿದರು. ಎರಡರಲ್ಲಿ ಯಾವುದನ್ನು ಹಿಡಿದರೂ ಶ್ರದ್ಧೆಗೆ ಕೊರತೆಯಿಲ್ಲ. ಆದರೆ ಶೃಂಗೇರಿಯ ಸೀಮೆಯಲ್ಲಿ ಕುಳಿತು ಆ ಶ್ರುತಿಯನ್ನು ಮೊಟ್ಟೆಯ ಮೇಲೆ ಪ್ರಯೋಗಿಸುವವರು ಭಾಷ್ಯವನ್ನು ಒಮ್ಮೆ ತೆರೆದು ನೋಡುವುದು ಮೇಲು.

ರಾಸಾಯನಿಕರ ಪಕ್ಷದವರೂ ಇಲ್ಲಿ ಅವಸರಪಡಬಾರದು. ಅಕ್ಷರಕ್ಕೆ ಮೈಲಿಗೆಯಿಲ್ಲವೆಂದ ಮಾತ್ರಕ್ಕೆ ಅದನ್ನು ಪಡೆದ ಕರ್ಮಕ್ಕೆ ದೋಷವಿಲ್ಲವೆಂದಾಗದು. ಕದ್ದ ಅಕ್ಕಿಯೂ ಕೊಂಡ ಅಕ್ಕಿಯೂ ಒಂದೇ ಬಗೆಯಾಗಿ ಬೇಯುತ್ತವೆ, ಕಳವು ಕಳವೇ. ಹಾಗಾದರೆ ವಿಚಾರಿಸಬೇಕಾದ್ದು ಹಿಂಸೆಯನ್ನು. ಪೇಟೆಯ ಮೊಟ್ಟೆಯಲ್ಲಿ ಬಹುಪಾಲು ಮರಿಯಾಗತಕ್ಕದ್ದಲ್ಲ, ಅದರಲ್ಲಿ ಜೀವವಿಲ್ಲ ಎನ್ನುವರು. ನಿಜ. ಆದರೆ ಮೊಟ್ಟೆಗಾಗಿ ಸಾಕುವ ಜಾತಿಯ ಗಂಡುಮರಿಗಳು ಹುಟ್ಟಿದ ದಿನವೇ ಕೊಲ್ಲಲ್ಪಡುವುದೂ ನಿಜ. ಹಾಲಿನ ಪಾಡೂ ಇದಕ್ಕೆ ಬಹಳ ದೂರವಿಲ್ಲ. ಹೋರಿಗರುವಿನ ಗತಿಯೇನಾಗುತ್ತದೆಂದು ಡೈರಿಗೆ ಹಾಲು ಹಾಕುವ ಯಾರನ್ನಾದರೂ ಕೇಳಬಹುದು. ಮಡಿಗೆ ಶ್ರೇಷ್ಠವೆನ್ನುವ ಪಟ್ಟೆಯ ಬಟ್ಟೆಯೂ ಫೈಬ್ರೋಯಿನೆಂಬ ಪ್ರೋಟೀನು. ಗೂಡಿನೊಳಗಿನ ಹುಳುವನ್ನು ಸಾಯಿಸಿ, ಬಿಸಿನೀರಿನಲ್ಲಿ ನೂಲು ಬಿಚ್ಚಿದ್ದು. ಅದನ್ನುಟ್ಟು ಅಡಿಗೆಮನೆಯಲ್ಲಿ ನಿಂತು ಮೊಟ್ಟೆಯ ಹಿಂಸೆಯನ್ನು ಆಡಿಕೊಳ್ಳುವುದು ಶೋಭಿಸದು. ಮಹಾಭಾರತದ ವನಪರ್ವದಲ್ಲಿ ಮಿಥಿಲೆಯ ಧರ್ಮವ್ಯಾಧನು ಕೌಶಿಕನೆಂಬ ಬ್ರಾಹ್ಮಣನಿಗೆ ಇದನ್ನೇ ಹೇಳಿದನು: ನೇಗಿಲ ಕುಳದಡಿಯಲ್ಲಿ ಸಾಯುವ ಜೀವಿಗಳಿಗೆ ಲೆಕ್ಕವಿಲ್ಲ, ಪೂರ್ಣವಾದ ಅಹಿಂಸೆಯು ದೇಹಧಾರಿಗೆ ಸಾಧ್ಯವಲ್ಲ. ಹಿಂಸೆಯನ್ನು ಪ್ರಯತ್ನದಿಂದ ಕಡಮೆಮಾಡಬಹುದೆಂಬುದು ಇದರಿಂದ ಬಿದ್ದುಹೋಗುವುದಿಲ್ಲ. ತೊವ್ವೆಯುಣ್ಣುವವನ ಹಿಂಸೆಯು ಮಾಂಸ ತಿನ್ನುವವನದಕ್ಕಿಂತ ಕಡಮೆಯೆಂಬುದೂ ನಿಶ್ಚಯವೇ. ಬಿದ್ದುಹೋಗುವುದು, ತನ್ನ ಎಲೆ ನಿರ್ದೋಷವೆಂಬ ಅಭಿಮಾನ ಮಾತ್ರ.

ಶಾಸ್ತ್ರವೇ ಈ ಕಗ್ಗಂಟಿಗೆ ಒಂದು ಅಳತೆಗೋಲನ್ನು ಕೊಟ್ಟಿದೆ. ಕುರುದೇಶದ ಪೈರು ಆಲಿಕಲ್ಲಿನಿಂದ ಹಾಳಾದಾಗ ಉಷಸ್ತಿ ಚಾಕ್ರಾಯಣನು ಹಸಿವಿನಿಂದ ಅಲೆಯುತ್ತ, ಕಾಳನ್ನು ತಿನ್ನುತ್ತಿದ್ದ ಮಾವಟಿಗನೊಬ್ಬನನ್ನು ಬೇಡಿ ಅವನ ಎಂಜಲನ್ನೇ ತಿಂದನು. ನೀರನ್ನೂ ಕೊಡಹೋದಾಗ, ಅದು ಎಂಜಲಾಗುವುದೆಂದು ಒಲ್ಲೆನೆಂದನು. ಕಾಳು ಎಂಜಲಲ್ಲವೋ ಎಂದರೆ, ಅದನ್ನು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರಾದರೆ ಬೇಕಾದಲ್ಲಿ ಸಿಕ್ಕುವುದು ಎಂದು ಉತ್ತರ. ಈ ಕಥೆಯನ್ನು ಆಧರಿಸಿಯೇ ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದಲ್ಲಿ ಪ್ರಾಣಾತ್ಯಯದಲ್ಲಿ ಮಾತ್ರ ಸರ್ವಾನ್ನಕ್ಕೂ ಅನುಮತಿಯುಂಟೆಂದು ನಿರ್ಣಯವಾಗಿದೆ. ಎಲ್ಲೆಯು ಸ್ಪಷ್ಟವಾಗಿದೆ. ಪ್ರಾಣ ಹೋಗುವಲ್ಲಿ ಎಲ್ಲವೂ ಸಲ್ಲುವುದು, ಪ್ರಾಣಕ್ಕೆ ಬಾಧೆಯಿಲ್ಲದಲ್ಲಿ ಒಂದು ಗುಟುಕು ನೀರೂ ಸಲ್ಲದು.

ಇಂದಿನ ವಿವಾದವೆಲ್ಲ ನಿಂತಿರುವುದು ಪ್ರಾಣಾತ್ಯಯವೆಂಬ ಆ ಒಂದು ಪದದ ಮೇಲೆಯೇ. ಉಷಸ್ತಿಯು ನಾಳೆಯೇ ಸಾಯುತ್ತಿದ್ದವನು. ಸಸಾರಜನಕವಿಲ್ಲದ ಮಗು ನಾಳೆ ಸಾಯುವುದಿಲ್ಲ. ಆಫ್ರಿಕದ ಗೋಲ್ಡ್‌ಕೋಸ್ಟಿನಲ್ಲಿ 1930ರ ದಶಕದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು ಒಂದು ರೋಗವನ್ನು ಬಣ್ಣಿಸಿದಳು. ಮಕ್ಕಳ ಕಾಲು ಬಾತು, ಕೂದಲು ಕೆಂಚಾಗಿ, ಮೋರೆ ಜೋಲುಬಿದ್ದಿತ್ತು. ಹೊಟ್ಟೆಗೆ ಜೋಳದ ಗಂಜಿ ಬೀಳುತ್ತಲೇ ಇತ್ತು. ಅಲ್ಲಿಯ ಜನ ಅದನ್ನು ಕ್ವಾಶಿಯೋರ್ಕರ್ ಎನ್ನುತ್ತಿದ್ದರು. ಮುಂದಿನ ಕೂಸು ಹುಟ್ಟಿದ್ದರಿಂದ ತಾಯಿಯ ಎದೆಹಾಲನ್ನು ಬಿಡಬೇಕಾಗಿ ಬಂದ ಮಗುವಿನ ರೋಗವೆಂದು ಆ ಹೆಸರಿನ ಭಾವ. ಇಷ್ಟು ಮಟ್ಟಕ್ಕೆ ಹೋಗದ ಕೊರತೆಯು ಕಣ್ಣಿಗೆ ಕಾಣುವುದೇ ಇಲ್ಲ: ಮಗು ತನ್ನ ಪ್ರಾಯಕ್ಕೆ ಗಿಡ್ಡಾಗಿರುವುದು, ಜ್ವರ ಬಂದರೆ ಬೇಗ ಬಿಡದಿರುವುದು, ಇಷ್ಟೆ. ಕೊಬ್ಬಿಗೆ ದೇಹದಲ್ಲಿ ಕಣಜವುಂಟು, ಸಕ್ಕರೆಗೂ ಒಂದು ದಿನದ ಮಟ್ಟಿಗೆ ಉಗ್ರಾಣವುಂಟು, ಪ್ರೋಟೀನಿಗೆ ಉಗ್ರಾಣವಿಲ್ಲ. ಉಪವಾಸವು ಒಂದು ದಿನವನ್ನು ದಾಟಿದರೆ ಯಕೃತ್ತು ಮಾಂಸಖಂಡವನ್ನೇ ಕರಗಿಸಿ ಮಿದುಳಿಗೆ ಸಕ್ಕರೆಮಾಡಿಕೊಡುತ್ತದೆ. ಶ್ವೇತಕೇತುವು ಹದಿನೈದು ದಿನ ನೀರು ಮಾತ್ರ ಕುಡಿದು ತಂದೆಯ ಮುಂದೆ ಕುಳಿತಾಗ ಕಲಿತ ವೇದವೊಂದೂ ಹೊಳೆಯಲಿಲ್ಲ, ಉಂಡು ಬಂದಮೇಲೆ ಎಲ್ಲವೂ ಹೊಳೆಯಿತು. ಮನಸ್ಸು ಅನ್ನಮಯವೆಂದು ಉದ್ದಾಲಕನು ಮಗನಿಗೆ ಹೀಗೆ ಪ್ರತ್ಯಕ್ಷವಾಗಿ ತೋರಿಸಿದನು. ಪಾಠ ಹತ್ತದ ಹುಡುಗನನ್ನು ದಡ್ಡನೆನ್ನುವ ಮೊದಲು ಬೆಳಿಗ್ಗೆ ಅವನು ಉಂಡದ್ದೇನೆಂದು ಕೇಳಬೇಕಾಗಿತ್ತು. ಈ ಕೇಳಿಕೆಯು ಶಾಲೆಗಳಲ್ಲಿ ಬಹುಕಾಲ ಇರಲಿಲ್ಲ.

ಹೀಗೆ ದಿನಕ್ಕೊಂದು ಎಳೆಯಾಗಿ ಕಡಿಯುವುದೂ ಪ್ರಾಣಾತ್ಯಯವೇ ಅಲ್ಲವೆ? ಹೌದೆಂದೇ ಹೇಳಬೇಕು. ಸಾವು ನಿಧಾನವಾಗಿ ಬಂದಿತೆಂದು ಆಪದ್ಧರ್ಮವು ಹಿಂದೆ ಸರಿಯತಕ್ಕದ್ದಲ್ಲ. ಮೇಲಾಗಿ ಉಷಸ್ತಿಯು ತನ್ನ ವ್ರತವನ್ನು ತಾನೇ ಅಳೆದುಕೊಂಡನು; ಮಾವಟಿಗನಿಗೆ ಕಾಳನ್ನು ತಿನ್ನಬೇಡವೆಂದು ಹೇಳಲಿಲ್ಲ. ವ್ರತವು ಹಿಡಿದವನದು. ಹಿಂದೆಂದೂ ಅಂಥ ವ್ರತವನ್ನು ಹಿಡಿಯದ ಮನೆಯ, ಮೀನು ಮೊಟ್ಟೆಗಳನ್ನು ಕುಲಕ್ರಮದಿಂದ ತಿನ್ನುವ ಮನೆಯ ಬಡಮಗುವಿನ ತಟ್ಟೆಯಿಂದ ಒಂದು ತುತ್ತನ್ನು ತೆಗೆದು ತನ್ನ ವ್ರತವನ್ನು ಕಾಯುವುದು ಯಾವ ಸ್ಮೃತಿಯ ಧರ್ಮವೂ ಅಲ್ಲ.

ವಿರೋಧಪಕ್ಷದ ಒಂದು ಮಾತಿಗೆ ಮಾತ್ರ ತೂಕವುಂಟು. ಒಂದೇ ಪಂಕ್ತಿಯಲ್ಲಿ ಕುಳಿತ ಮಕ್ಕಳಲ್ಲಿ ಕೆಲವರಿಗೆ ಮೊಟ್ಟೆ, ಕೆಲವರಿಗೆ ಬೇರೆ. ಎಳೆಯ ಮನಸ್ಸಿನಲ್ಲಿ ಇದರಿಂದ ಭೇದ ಹುಟ್ಟುವುದೆಂಬುದು ಆ ಮಾತು. ಭೇದವು ಹುಟ್ಟದಿರಬೇಕಾದರೆ ಎರಡು ತಟ್ಟೆಯೂ ತೂಕದಲ್ಲಿ ಸಮನಾಗಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಸುಮಾರು 23 ಗ್ರಾಂ ಪ್ರೋಟೀನು ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಒಂದು ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. ಇದು ವಿನಿಮಯವಲ್ಲ, ಮೋಸ. 25 ಗ್ರಾಂ ಕಡಲೆಕಾಯಿಬೀಜದಲ್ಲಿಯಾದರೆ 6 ಗ್ರಾಂ ಸಿಕ್ಕುವುದು. ಅದರಲ್ಲಿ ಲೈಸಿನ್ ಸ್ವಲ್ಪ ಕಡಮೆ, ಹಾಲು ಅದನ್ನು ತುಂಬಿಕೊಡುವುದು. ಮನುಷ್ಯದೇಹವು ತಾನೇ ಮಾಡಿಕೊಳ್ಳಲಾರದ ಅಕ್ಷರಗಳು ಒಂಬತ್ತು. ಅವುಗಳಲ್ಲಿ ಒಂದು ಕಡಮೆಯಾದರೂ ಉಳಿದವುಗಳಿದ್ದು ವಾಕ್ಯ ಪೂರ್ತಿಯಾಗದು. ಅಕ್ಕಿಯಲ್ಲಿ ಲೈಸಿನ್ ಕಡಮೆ, ಬೇಳೆಯಲ್ಲಿ ಮೆಥಿಯೋನಿನ್ ಕಡಮೆ. ಎರಡೂ ಕಲಸಿದ ತುತ್ತಿನಲ್ಲಿ ಒಂದರ ಕೊರತೆಯನ್ನು ಒಂದು ನೀಗುತ್ತದೆ. ಅನ್ನ ತೊವ್ವೆಗಳನ್ನು ಜತೆಮಾಡಿದ ಅಜ್ಜಿಯಂದಿರಿಗೆ ಈ ಹೆಸರುಗಳು ತಿಳಿದಿರಲಿಲ್ಲ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಸ್ಥಾಪಿತವಾದ ಆಹಾರ ಸಂಶೋಧನಾಲಯದವರು ವಿ. ಸುಬ್ರಹ್ಮಣ್ಯನ್ ಅವರ ನಿರ್ದೇಶನದಲ್ಲಿ ಮೂರು ಪಾಲು ಕಡಲೆಕಾಯಿ ಹಿಟ್ಟು, ಒಂದು ಪಾಲು ಕಡಲೆಹಿಟ್ಟು ಸೇರಿಸಿ, ಜೀವಸತ್ತ್ವಗಳನ್ನು ಕೂಡಿಸಿ ಬಡವರಿಗಾಗಿ ಒಂದು ಪೌಷ್ಟಿಕಾಹಾರವನ್ನು ಸಿದ್ಧಪಡಿಸಿದ್ದರು. ಸಸ್ಯಾಹಾರದಿಂದ ಪುಷ್ಟಿಯು ಅಸಾಧ್ಯವೆನ್ನುವವರು ಇದನ್ನು ನೆನೆಯಬೇಕು. ಸಸ್ಯಾಹಾರವೇ ಶ್ರೇಷ್ಠವೆನ್ನುವವರು, ಅಷ್ಟು ಬೇಳೆಯನ್ನೂ ಕಡಲೆಯನ್ನೂ ಹಾಲನ್ನೂ ಬಡಮಗುವಿನ ತಟ್ಟೆಗೆ ತಾವು ಎಂದು ತಂದಿಟ್ಟೆವೆಂದು ನೆನೆಯಬೇಕು.

ಇನ್ನೊಂದು ಎಚ್ಚರವೂ ಬೇಕು. ಒಂದು ಕಾಲದಲ್ಲಿ ವಿಶ್ವಸಂಸ್ಥೆಯವರೇ ಪ್ರೋಟೀನಿನ ಕೊರತೆಯೊಂದೇ ಬಡದೇಶಗಳ ರೋಗವೆಂದು ಸಾರಿದ್ದರು. ಹೈದರಾಬಾದಿನ ಸಿ. ಗೋಪಾಲನ್ ಅವರೂ ಪಿ. ವಿ. ಸುಖಾತ್ಮೆಯವರೂ ಇದನ್ನು ಒಪ್ಪದೆ, ಅನ್ನವೇ ಸಾಲದಿದ್ದಾಗ ತಿಂದ ಪ್ರೋಟೀನನ್ನು ದೇಹವು ಸೌದೆಯಂತೆ ಸುಡುವುದೆಂದು ತೋರಿಸಿಕೊಟ್ಟರು. ಒಲೆಗೆ ಕಟ್ಟಿಗೆಯಿಲ್ಲದ ಮನೆಗೆ ಗಂಧದ ಕೊರಡನ್ನು ಕೊಟ್ಟರೆ ಅವರು ಅದನ್ನೇ ಉರಿಸುವರು, ತೇಯ್ದು ಹಚ್ಚಿಕೊಳ್ಳುವುದಿಲ್ಲ. ಆದುದರಿಂದ ಮೊಟ್ಟೆಯೊಂದನ್ನು ಕೊಟ್ಟು ಋಣ ತೀರಿತೆಂದು ಸರಕಾರವು ಕೈ ತೊಳೆದುಕೊಳ್ಳುವಂತಿಲ್ಲ. ಮೊದಲು ಹೊಟ್ಟೆ ತುಂಬ ಅನ್ನ, ಅದರೊಡನೆ ಬೇಳೆ, ಹಾಲು, ಒಪ್ಪುವವರಿಗೆ ಮೊಟ್ಟೆ.

ಉಷಸ್ತಿಯ ಕಥೆಯ ಕೊನೆಯನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ತಿಂದು ಮಿಕ್ಕ ಕಾಳನ್ನು ಆತನು ಹೆಂಡತಿಗೆಂದು ಮನೆಗೆ ತಂದನು. ಆಕೆಗೆ ಅಷ್ಟರಲ್ಲಿ ಭಿಕ್ಷೆ ಚೆನ್ನಾಗಿಯೇ ಸಿಕ್ಕಿತ್ತು; ಕಾಳನ್ನು ಎತ್ತಿಟ್ಟಳು. ಮರುದಿನ ಬೆಳಿಗ್ಗೆ ಆತನು ಆ ತಂಗಳನ್ನೇ ತಿಂದು, ನೆರೆಯಲ್ಲಿ ರಾಜನೊಬ್ಬನು ಮಾಡುತ್ತಿದ್ದ ಯಜ್ಞಕ್ಕೆ ನಡೆದುಹೋದನು. ಅಲ್ಲಿ ಸಾಮಗಾನ ಮಾಡುತ್ತಿದ್ದ ಋತ್ವಿಜರನ್ನು ತಡೆದು, ನೀವು ಹಾಡುವ ಭಾಗಕ್ಕೆ ದೇವತೆ ಯಾರೆಂದು ಬಲ್ಲಿರಾ ಎಂದು ಕೇಳಿದನು. ಅವರು ಅರಿಯರು, ಸುಮ್ಮನಾದರು. ಪ್ರಸ್ತಾವಕ್ಕೆ ಪ್ರಾಣವೆಂದೂ, ಉದ್ಗೀಥಕ್ಕೆ ಆದಿತ್ಯನೆಂದೂ ಆತನೇ ಹೇಳಿಕೊಟ್ಟನು. ಕಡೆಗೆ ಪ್ರತಿಹರ್ತೃವು ಬಂದು ತನ್ನ ಭಾಗದ ದೇವತೆ ಯಾರೆಂದು ಕೇಳಲು, ಮಾವಟಿಗನ ಎಂಜಲನ್ನುಂಡು ಬಂದಿದ್ದ ಆ ಬ್ರಾಹ್ಮಣನು ಅನ್ನವೆಂದನು.